ಸ್ಕ್ರಾಲ್ ವೀಲ್ ‘ತಾನಾಗೇ’ ಕೆಲಸ ಮಾಡೋದು ಹೆಂಗ?

ಹೋದ ರಜೆಯಲ್ಲಿ ನಾವು ಮೂರು ಮಂದಿ ಮುಗದದ ಗೆಳೆಯನ ಮನೆಗೆ ಹೋಗಿದ್ವಿ. ಕೆರೆ ನೋಡೋಕೆ ಅಂತ ಹೋದವರು ಕೂತಿದ್ದು ಅವನ ಹಳೇ ಡೆಸ್ಕ್‌ಟಾಪ್ ಮುಂದೆ. ಮೌಸ್‌ನ ಬಾಣ ಓಡಾಡುತ್ತೆ, ಕ್ಲಿಕ್ ಆಗುತ್ತೆ. ಆದರೆ ಸ್ಕ್ರಾಲ್ ವೀಲ್ ತಿರುಗಿಸಿದ್ರೆ ಪುಟ ಅಲುಗಾಡಲ್ಲ. ಕಂಪ್ಯೂಟರ್ ಚಾಲೂ ಇದ್ದಾಗಲೇ ಅವನ ತಂಗಿ ವೈರ್ ಕಿತ್ತು ಮತ್ತೆ ಹಾಕಿದ್ಲಂತೆ. “ಇವಳೇ ಕೆಡಿಸ್ಯಾಳ ನೋಡ್ರಿ” ಅಂತ ಎಲ್ಲರೂ ಬೈದಿದ್ರು. ಹೊಸ ಮೌಸ್ ತರೋ ಮಾತೂ ನಡೆದಿತ್ತು.

ಅದು ಯುಎಸ್‌ಬಿ ಮೌಸ್ ಅಲ್ಲ, ದುಂಡನೆ ಪಿನ್ನಿನ ಪಿಎಸ್/2. ಗುಟ್ಟು ಇರೋದೇ ಅಲ್ಲಿ.

ಪಿಎಸ್/2 ಬಂದಾಗ ಮೌಸ್‌ಗೆ ವೀಲ್ ಇರಲಿಲ್ಲ. ಅದು ಪ್ರತಿ ಸಲ 3 ಬೈಟ್ ಕಳಿಸ್ತಿತ್ತು: ಮೊದಲನೆಯದರಲ್ಲಿ ಮುಖ್ಯವಾಗಿ ಬಟನ್‌ಗಳ ಸ್ಥಿತಿ, ಉಳಿದೆರಡರಲ್ಲಿ ಎಡ-ಬಲ ಮತ್ತು ಮೇಲೆ-ಕೆಳಗಿನ ಚಲನೆ. 1996ರಲ್ಲಿ ಮೈಕ್ರೋಸಾಫ್ಟ್‌ನ ಇಂಟೆಲಿಮೌಸ್ ವೀಲ್ ಸಮೇತ ಬಂತು. ವೀಲ್‌ನ ಸುದ್ದಿಗೆ 4ನೇ ಬೈಟ್ ಬೇಕು. ಆದರೆ ಹೇಳದೇ ಕೇಳದೇ 4 ಕಳಿಸಿದ್ರೆ, 3 ಎಣಿಸೋ ಹಳೇ ಕಂಪ್ಯೂಟರ್ ಲೆಕ್ಕ ತಪ್ಪಿ ಬಾಣ ಎಲ್ಲೆಲ್ಲೋ ಹಾರುತ್ತೆ.

ಅದಕ್ಕೆ ಒಂದು ಗುಟ್ಟಿನ ಸಂಕೇತ ಮಾಡಿಕೊಂಡ್ರು. ಡ್ರೈವರ್ ಮೌಸ್‌ಗೆ “ಸೆಕೆಂಡಿಗೆ 200 ಸಲ ವರದಿ ಕೊಡು” ಅನ್ನುತ್ತೆ. ತಕ್ಷಣ “ಅಲ್ಲ, 100 ಸಲ”, ಮತ್ತೆ “80 ಸಲ”. ಆಮೇಲೆ “ನಿನ್ನ ಐಡಿ ಏನು?” ಅಂತ ಕೇಳುತ್ತೆ. ವೀಲ್ ಇಲ್ಲದ ಮೌಸ್ ಸುಮ್ಮನೆ ವೇಗ ಬದಲಿಸಿಕೊಂಡು 0 ಅನ್ನುತ್ತೆ. ವೀಲ್ ಇರೋದು 200, 100, 80 ಅನ್ನೋ ಸಾಲನ್ನ ಗುರುತು ಹಿಡಿದು 3 ಅನ್ನುತ್ತೆ, ಅಲ್ಲಿಂದ 4 ಬೈಟ್ ಕಳಿಸೋಕೆ ಶುರು ಮಾಡುತ್ತೆ. ಮನೆ ಬಾಗಿಲು ಬಡಿಯೋ ರೀತಿ ಕೇಳಿಯೇ ಬಂದವರು ಯಾರು ಅಂತ ಗೊತ್ತಾಗಲ್ವಾ, ಹಂಗ.

ಈ ಮಾತುಕತೆ ಸಾಮಾನ್ಯವಾಗಿ ಕಂಪ್ಯೂಟರ್ ಶುರುವಾಗುವಾಗ ನಡೆಯುತ್ತೆ. ನಡುವೆ ಕಿತ್ತು ಹಾಕಿದ್ರೆ ಮೌಸ್ ಎಲ್ಲಾ ಮರೆತು ಮತ್ತೆ 3 ಬೈಟ್‌ಗೆ ಬರುತ್ತೆ. ಡ್ರೈವರ್ ಇನ್ನೊಮ್ಮೆ ಸರಿಯಾಗಿ ಕೇಳದಿದ್ರೆ ವೀಲ್ ಇದ್ದೂ ಇಲ್ಲದಂಗ.

ನಾವು ಮಾಡಿದ್ದು ಇಷ್ಟೇ: ಕಂಪ್ಯೂಟರ್ ಪೂರ್ತಿ ಆಫ್ ಮಾಡಿ, ಪಿನ್ ಗಟ್ಟಿಯಾಗಿ ಕೂರಿಸಿ, ಮತ್ತೆ ಆನ್ ಮಾಡಿದ್ವಿ. ಪುಟ ಸರ್ರಂತ ಇಳೀತು! ಪಿಎಸ್/2ನ್ನ ಆಫ್ ಮಾಡಿಯೇ ಕೀಳಬೇಕು, ಇಲ್ಲಾಂದ್ರೆ ಪೋರ್ಟ್‌ಗೂ ಅಪಾಯ. ಯುಎಸ್‌ಬಿ ಮೌಸ್‌ಗೆ ಈ ಕಾಟ ಇಲ್ಲ, ಚುಚ್ಚಿದ ಕೂಡಲೇ ತನ್ನಲ್ಲಿ ಏನೇನಿದೆ ಅಂತ ತಾನೇ ಹೇಳಿಕೊಳ್ಳುತ್ತೆ.

ಹೊಸ ಮೌಸ್ ಬೇಕಾಗಲಿಲ್ಲ. ತಂಗಿ ಮಾತ್ರ ಅಣ್ಣನ ಕಡೆ ತಿರುಗಿ ಕೇಳಿದ್ಲು: “ಈಗ ಹೇಳು, ಯಾರು ಕೆಡಿಸಿದ್ರು?”