ಚಿತ್ರದ ಬಸ್ಸಿಗೆ ಬಾಗಿಲು ಯಾವ ಕಡೆ ಸ್ವಾಮಿ?

ಬಸ್ ಸ್ಟ್ಯಾಂಡಿನ ಅಂಗಡಿಗಳಲ್ಲಿ ದಾರಕ್ಕೆ ನೇತುಹಾಕಿದ ಮಕ್ಕಳ ಚಿತ್ರಪುಸ್ತಕ ನೋಡಿರುತ್ತೀರಿ. ಕಾರು, ರೈಲು, ಸೈಕಲ್ಲು, ಪುಟಕ್ಕೊಂದು. ಮಗು ಹಟ ಹಿಡಿಯುತ್ತೆ, ಅಪ್ಪ ಜೇಬಿಗೆ ಕೈ ಹಾಕ್ತಾನೆ. ಅಂಗಡಿಯವರಿಗೂ ಸಂತೋಷ.

ಆದರೆ ಕಾಸು ಕೊಡುವ ಮುಂಚೆ ಬಸ್ಸಿನ ಪುಟ ತೆಗೆಯಿರಿ. ಬಸ್ಸಿನ ಮೂತಿ ಪುಟದ ಬಲಕ್ಕಿದ್ದು, ಜನ ಹತ್ತುವ ಬಾಗಿಲೂ ಕಾಣುತ್ತಿದ್ದರೆ ಅದು ನಮ್ಮ ಬಸ್ಸಲ್ಲ, ಅಮೆರಿಕದ ಬಸ್ಸು! ಅಲ್ಲಿ ವಾಹನ ಓಡೋದು ರಸ್ತೆಯ ಬಲಕ್ಕೆ, ಹಾಗಾಗಿ ಬಾಗಿಲೂ ಬಲಕ್ಕೆ. ಅವರಿಗೆ ಸರಿ. ನಮ್ಮೂರಲ್ಲಿ ಬಲಬಾಗಿಲಿಂದ ಇಳಿದ ಮಗು ಕಾಲಿಡುವುದು ನಡುರಸ್ತೆಗೆ. ದಾಟುವಾಗ ಮೊದಲು ಬಲಕ್ಕೆ ನೋಡು ಅಂತ ಹೇಳಿಕೊಡುವ ನಾವೇ ಉಲ್ಟಾ ಚಿತ್ರ ಕೈಗಿತ್ತರೆ ಹೇಗೆ?

ಸೈಕಲ್ಲಿನ ಪುಟವನ್ನೂ ಬಿಡಬೇಡಿ. ಚೈನು ಪೆಡಲಿನಿಂದ ಹಿಂದಿನ ಚಕ್ರಕ್ಕೆ ಹೋಗಬೇಕು. 1885ರಲ್ಲಿ ಇಂಗ್ಲೆಂಡಿನ ಸ್ಟಾರ್ಲಿ ತಂದ ರೋವರ್ ಸೈಕಲ್ಲಿಗೂ ಹಾಗೇ ಇತ್ತು. ಮುಂದಿನ ಚಕ್ರಕ್ಕೂ ಚೈನು ಬಿಗಿದರೆ ಹ್ಯಾಂಡಲ್ ತಿರುಗೀತೇ? ಪಂಕ್ಚರ್ ಅಂಗಡಿ ಹುಡುಗ ಕಂಡರೆ ನಕ್ಕಾನು.

ಪರದೇಶದ್ದೆಲ್ಲ ಕೆಟ್ಟದ್ದು ಅಂತಲ್ಲ. ಡೊನಾಲ್ಡ್ ಕ್ರೂಸ್ ಅವರ 1978ರ ‘ಫ್ರೇಟ್ ಟ್ರೇನ್’ ನೋಡಿ. ನಾಲ್ಕಾರು ಮಾತು, ಬಣ್ಣಬಣ್ಣದ ಬೋಗಿ, ಅಷ್ಟೇ. ಗೂಡ್ಸ್ ಗಾಡಿ ಎಲ್ಲೂರಲ್ಲೂ ಗೂಡ್ಸ್ ಗಾಡಿಯೇ.

ಕೈ ಬಿಗಿಯಿದ್ದವರಿಗೂ ದಾರಿಯುಂಟು. ಬೆಂಗಳೂರಿನ ಪ್ರಥಮ್ ಬುಕ್ಸ್‌ನವರು 2015ರಲ್ಲಿ ತೆರೆದ ಸ್ಟೋರಿವೀವರ್‌ನಲ್ಲಿ ಕನ್ನಡದ ಚಿತ್ರಕಥೆಗಳು ಮೊಬೈಲಿನಲ್ಲೇ ಪುಕ್ಕಟೆ ಸಿಗುತ್ತವೆ.

ಅಂಗಡಿಯವರೇ, ಮುಂದಿನ ಸಲ ಏಜೆಂಟರು ಕಟ್ಟು ತಂದಾಗ ಬಸ್ಸಿನ ಪುಟ ಬಿಚ್ಚಿ ನೋಡಿ. ಉಲ್ಟಾ ಇದ್ದರೆ ಅಲ್ಲೇ ವಾಪಸ್ ಕೊಡಿ.