ಕನಸಿಗೆ ಕೀಲಿ ಕೊಟ್ಟವನು

ನೃತ್ಯಕೂಟದ ವಾದ್ಯಗೋಷ್ಠಿಯ ಮುಖ್ಯಸ್ಥನೊಡನೆ ಆತ ಗುಟ್ಟಿನ ಒಪ್ಪಂದ ಮಾಡಿಕೊಂಡಿದ್ದ. ತಾನು ಇಂಥ ಹೆಂಗಸಿನ ಜೊತೆ ಕುಣಿಯಲು ಎದ್ದರೆ ಈ ವಾಲ್ಟ್ಸ್ ನುಡಿಸಬೇಕು, ಇನ್ನೊಬ್ಬಳ ಜೊತೆ ಎದ್ದರೆ ಆ ವಾಲ್ಟ್ಸ್. ಅದಲುಬದಲಾಗಕೂಡದು. ಆಮೇಲೆ ಅವೇ ಎರಡು ಧಾಟಿಗಳಿರುವ ಸಂಗೀತದ ಪೆಟ್ಟಿಗೆಯನ್ನು ಅಲಾರಂ ಗಡಿಯಾರಕ್ಕೆ ಜೋಡಿಸಿ, ನಿದ್ದೆಯ ನಡುವೆ ನುಡಿಯುವಂತೆ ಕೀಲಿ ಕೊಟ್ಟು ಮಲಗಿದ. ಯಾವ ಧಾಟಿ ನುಡಿಯಿತೋ ಆ ಹೆಂಗಸೇ ಕನಸಿಗೆ ಬಂದಳು. ಕನಸು ನಡೆದದ್ದು ಯಾವಾಗಲೂ ನೃತ್ಯಮಂದಿರದಲ್ಲೇ ಅಲ್ಲ.

ಆತ ಫ್ರಾನ್ಸಿನ ಎರ್ವೆ ದ ಸಾಂ-ದೆನಿ. ಹುಟ್ಟಿದ್ದು 1822ರಲ್ಲಿ. ಚೀನೀ ಭಾಷೆಯ ವಿದ್ವಾಂಸ, ತಾಂಗ್ ಕಾಲದ ಕವಿತೆಗಳನ್ನು ಫ್ರೆಂಚಿಗೆ ತಂದವನು. ಹದಿಮೂರನೇ ವಯಸ್ಸಿನಿಂದ ಕನಸುಗಳನ್ನು ಬರೆದಿಡುತ್ತಾ ಬಂದು, 1867ರಲ್ಲಿ ಅವುಗಳ ಬಗ್ಗೆ ತನ್ನ ಹೆಸರು ಹಾಕದೆ ಪುಸ್ತಕ ಪ್ರಕಟಿಸಿದ.

ಕನಸಿನ ಅಧ್ಯಯನದಲ್ಲಿ ಅವನಿಗೊಬ್ಬ ಎದುರಾಳಿಯಿದ್ದ, ಆಲ್ಫ್ರೆಡ್ ಮೋರಿ. ಮೋರಿಯೂ ಸದ್ದಿನ ಪ್ರಯೋಗ ಮಾಡಿದವನೇ. ಮಲಗಿದ್ದಾಗ ಕಿವಿಯ ಬಳಿ ಚಿಮಟಕ್ಕೆ ಕತ್ತರಿ ತಾಗಿಸಿ ಸದ್ದು ಮಾಡಿಸಿಕೊಂಡು, ಗಂಟೆಗಳು ಮೊಳಗುವ ಕನಸು ಕಂಡ. ಆ ಮೊಳಗು 1848ರ ಜೂನ್ ದಂಗೆಯ ಎಚ್ಚರಿಕೆಯ ಗಂಟೆಯಾಯಿತು. ಆದರೆ ಮೋರಿಯ ಪಾಲಿಗೆ ಕನಸೆಂದರೆ ಇಚ್ಛಾಶಕ್ತಿ ಮಲಗಿದ ಸ್ಥಿತಿ, ಹುಚ್ಚಿನ ನೆರೆಮನೆ. ಎರ್ವೆ ಇದನ್ನು ಒಪ್ಪಲಿಲ್ಲ. ಕನಸಿನಲ್ಲಿದ್ದೇನೆಂದು ತನಗೆ ತಿಳಿದಿರುತ್ತದೆ, ಅದನ್ನು ಬೇಕಾದತ್ತ ತಿರುಗಿಸಲೂ ಬರುತ್ತದೆ ಎಂದು ಪಟ್ಟು ಹಿಡಿದ. ಈ ಜಗಳದಲ್ಲಿ ನಾನು ಎರ್ವೆಯ ಕಡೆ.

ಫ್ರಾಯ್ಡ್ ಎಷ್ಟು ಹುಡುಕಿದರೂ ಎರ್ವೆಯ ಪುಸ್ತಕ ಅವನಿಗೆ ಸಿಗಲಿಲ್ಲ. ಕನಸೆಂಬ ಅರಿವಿರುವ ಕನಸಿಗೆ ‘ಲುಸಿಡ್ ಡ್ರೀಮ್’ ಎಂದು ಹೆಸರಿಟ್ಟ ಕೀರ್ತಿ 1913ರಲ್ಲಿ ಡಚ್ ಲೇಖಕ ಫ್ರೆಡರಿಕ್ ವಾನ್ ಈಡನ್‌ಗೆ ಹೋಯಿತು. ಆ ಮಾತಿನ ಫ್ರೆಂಚ್ ರೂಪ ಎರ್ವೆಯ ಪುಸ್ತಕದಲ್ಲಿ ಆಗಲೇ ಇತ್ತು. 1975ರಲ್ಲಿ ಇಂಗ್ಲೆಂಡಿನ ಹಲ್‌ನಲ್ಲಿ ಕೀತ್ ಹರ್ನ್, ಮಲಗಿದ್ದವನೊಬ್ಬ ಕನಸಿನೊಳಗಿಂದ ಕಣ್ಣಾಡಿಸಿ ಕೊಟ್ಟ ಸಂಕೇತವನ್ನು ಯಂತ್ರದಲ್ಲಿ ದಾಖಲಿಸಿದ. ಈಚೆಗೆ ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಸಂಶೋಧಕರು, ಒಂದು ಸದ್ದು ಕೇಳಿದಾಗಲೆಲ್ಲ ‘ಇದು ಕನಸೇ?’ ಎಂದು ಪರೀಕ್ಷಿಸಿಕೊಳ್ಳುವುದನ್ನು ಎಚ್ಚರದಲ್ಲೇ ರೂಢಿ ಮಾಡಿಸಿ, ಕನಸು ಬೀಳುವ ಹೊತ್ತಿಗೆ ಅದೇ ಸದ್ದನ್ನು ಮೆಲ್ಲಗೆ ಕೇಳಿಸುತ್ತಾರೆ. ವಾಲ್ಟ್ಸ್‌ಗಳ ಉಪಾಯವೇ ಇದು.

ಈಗ ಮೊಬೈಲಿನಲ್ಲಿ ಸಿದ್ಧ ಮಳೆ, ಸಿದ್ಧ ಅಲೆ ಹಾಕಿಕೊಂಡು, ಇವೇ ಕನಸಿನೊಳಗೂ ಎಚ್ಚರಿಸುತ್ತವೆಂದು ನಂಬುವವರನ್ನು ಕಂಡಾಗ ಬೇಸರವಾಗುತ್ತದೆ. ಮಳೆಯ ಸದ್ದು ಬೀದಿಯ ಗದ್ದಲ ಮುಚ್ಚಿ ನಿದ್ದೆ ತಂದೀತು. ಆದರೆ ಹಗಲಿನಲ್ಲಿ ನಿಮ್ಮ ಜೊತೆ ಒಮ್ಮೆಯೂ ಕುಣಿಯದ ಸದ್ದು ಕನಸಿನಲ್ಲಿ ನಿಮ್ಮನ್ನು ಹೇಗೆ ಗುರುತಿಸೀತು?

1982ರಲ್ಲಿ ಇಂಗ್ಲಿಷಿಗೆ ಬಂದದ್ದೂ ಎರ್ವೆಯ ಪುಸ್ತಕದ ಸಂಕ್ಷಿಪ್ತ ರೂಪವೇ. ಫ್ರೆಂಚ್ ಬಲ್ಲ ಕನ್ನಡಿಗರು ದಯವಿಟ್ಟು ಮೂಲವನ್ನು ಕೈಗೆತ್ತಿಕೊಳ್ಳಿ, ವಾಲ್ಟ್ಸ್‌ಗಳ ಪ್ರಸಂಗವನ್ನಾದರೂ ಕನ್ನಡಕ್ಕೆ ತನ್ನಿ.