ಆರ್ ಭಾಷೆಯ ಆವೃತ್ತಿ ಬದಲಾವಣೆ ಮತ್ತು ನಮ್ಮ ಬೆಲೆ ಅಂದಾಜು

ಅದೇ ಬೆಲೆಪಟ್ಟಿ, ಅದೇ ಲೆಕ್ಕವಿಧಾನ. ಆದರೂ ಹಳೆಯ ಕಂಪ್ಯೂಟರಿನಲ್ಲಿ ಒಂದು ಉತ್ತರ, ಹೊಸದರಲ್ಲಿ ಇನ್ನೊಂದು. ದುಡಿಯುವ ಬಂಡವಾಳಕ್ಕಾಗಿ ಬ್ಯಾಂಕಿಗೆ ಅಂದಾಜು ಸಲ್ಲಿಸುವವರು ಇದರ ಕಾರಣವನ್ನು ಅರಿತಿರಬೇಕು.

ಆರ್ ಎಂಬುದು ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾನಿಲಯದಲ್ಲಿ ರಾಸ್ ಇಹಾಕಾ ಮತ್ತು ರಾಬರ್ಟ್ ಜೆಂಟಲ್‌ಮನ್ ರೂಪಿಸಿದ, ಉಚಿತವಾಗಿ ದೊರೆಯುವ ಗಣಕಭಾಷೆ. ಅಂಕಿಗಳನ್ನು ಮಾತೃಕೆಯಾಗಿ, ಅಂದರೆ ಅಡ್ಡಸಾಲು ಮತ್ತು ಕಂಬಸಾಲುಗಳ ಕೋಷ್ಟಕವಾಗಿ, ಒಟ್ಟಿಗೇ ನಿರ್ವಹಿಸುವುದರಿಂದ ಆರ್ಥಿಕ ಸಂಬಂಧಗಳನ್ನು ಅಳೆಯುವ ಅರ್ಥಮಿತಿಯಲ್ಲಿ ಇದರ ಬಳಕೆ ಹೆಚ್ಚು.

ಕೋಲಾರದ ಟೊಮೆಟೊ ಮಾರುಕಟ್ಟೆಯನ್ನೇ ತೆಗೆದುಕೊಳ್ಳೋಣ. 15 ಕಿಲೋ ಬಾಕ್ಸಿನ ಬೆಲೆ 2023ರ ಜುಲೈನಲ್ಲಿ 2,000 ರೂಪಾಯಿ ದಾಟಿತ್ತು. ಅಂತಹ ಬೆಲೆ ಸ್ಥಿರವಲ್ಲವೆಂಬುದು ಮಂಡಿಯವರಿಗೆ ಹೇಳಬೇಕಾದ ಮಾತಲ್ಲ. ಕಳೆದ 300 ವಹಿವಾಟು ದಿನಗಳ ಬೆಲೆಗಳಿಂದ 1,000 ಬಾರಿ ಯಾದೃಚ್ಛಿಕವಾಗಿ, ಚೀಟಿ ಎತ್ತಿದಂತೆ, ಆಯ್ದು ತಿಂಗಳ ಆದಾಯ ಎಷ್ಟಕ್ಕೆ ಇಳಿಯಬಹುದೆಂದು ಅಂದಾಜಿಸಬಹುದು. ಆಯ್ಕೆಯನ್ನು ಮರಳಿ ಪಡೆಯಲು ಆರಂಭದಲ್ಲಿ ಒಂದು ಬೀಜಸಂಖ್ಯೆಯನ್ನು ನೀಡುತ್ತೇವೆ.

2019ರ ಏಪ್ರಿಲ್‌ನಲ್ಲಿ ಬಂದ 3.6.0 ಆವೃತ್ತಿಯು ಈ ಚೀಟಿ ಎತ್ತುವ ಕ್ರಮವನ್ನೇ ಬದಲಿಸಿತು. ಹಳೆಯ ಕ್ರಮವು ಗುಣಲಬ್ಧವನ್ನು ಪೂರ್ಣಾಂಕಕ್ಕೆ ಇಳಿಸುವಾಗ, ಬಹುದೊಡ್ಡ ಪಟ್ಟಿಗಳಲ್ಲಿ ಕೆಲವು ಅಂಶಗಳಿಗೆ ತುಸು ಹೆಚ್ಚು ಅವಕಾಶ ನೀಡುತ್ತಿತ್ತು. ದೋಷವೇನೋ ತಿದ್ದಿತು, ಆದರೆ ಅದೇ ಬೀಜಸಂಖ್ಯೆಗೆ ಬೇರೆ ಚೀಟಿಗಳು ಬರತೊಡಗಿದವು. ಹಳೆಯ ವರದಿಯನ್ನು ಪರಿಶೀಲಿಸಬೇಕಾದರೆ ‘ರೌಂಡಿಂಗ್’ ಎಂಬ ಆಯ್ಕೆಯ ಮೂಲಕ ಹಿಂದಿನ ಕ್ರಮವನ್ನು ಇಂದಿಗೂ ಪಡೆಯಬಹುದು. ಚೀಟಿ ಎತ್ತದ ಸರಾಸರಿ, ಹಿಂಚಲನೆ ಮುಂತಾದ ಲೆಕ್ಕಗಳಿಗೆ ಈ ಬದಲಾವಣೆ ತಟ್ಟುವುದಿಲ್ಲ.

ಎರಡು ಉತ್ತರಗಳ ಅಂತರ ಅಲ್ಪವಾಗಿದ್ದರೆ ಆತಂಕ ಬೇಡ. ದೊಡ್ಡದಾಗಿದ್ದರೆ ಭಾಷೆಯನ್ನು ದೂರುವ ಮೊದಲು ಆಯ್ಕೆಗಳ ಸಂಖ್ಯೆಯನ್ನು 1,000ದಿಂದ 10,000ಕ್ಕೆ ಏರಿಸಿ ನೋಡುವುದು ಲೇಸು. ಮೊದಲ ಅಂದಾಜೇ ದುರ್ಬಲವಾಗಿದ್ದಿರಬಹುದು. ಇನ್ನೊಂದು ಮಾತು: ಇಂದಿನ ಬೆಲೆಗೂ ನಾಳಿನ ಬೆಲೆಗೂ ನಂಟಿರುವುದರಿಂದ ಬಿಡಿ ದಿನಗಳಿಗಿಂತ ವಾರದ ಕಟ್ಟುಗಳನ್ನು ಆಯುವುದು ಹೆಚ್ಚು ಸಮಂಜಸ. ಶ್ರೀನಿವಾಸಪುರದ ಮಾವಿನಂತಹ ಕೆಲವೇ ತಿಂಗಳ ವಹಿವಾಟಿಗೆ ಹಲವು ವರ್ಷಗಳ ಪಟ್ಟಿಯಿಲ್ಲದೆ ಈ ವಿಧಾನ ಸಲ್ಲದು.

ಲೆಕ್ಕಪತ್ರ ನೀತಿ ಬದಲಾದಾಗ ಅದರ ಪರಿಣಾಮವನ್ನು ಪ್ರಕಟಿಸಬೇಕೆಂದು ಲೆಕ್ಕಪತ್ರ ಮಾನದಂಡ 5 ವಿಧಿಸುತ್ತದೆ. ಅಂದಾಜು ವರದಿಗೆ ಅಂತಹ ಕಟ್ಟಳೆಯಿಲ್ಲ. ಆದಾಗ್ಯೂ ಆವೃತ್ತಿ ಸಂಖ್ಯೆ, ಬೀಜಸಂಖ್ಯೆ ಹಾಗೂ ಬೆಲೆಪಟ್ಟಿಯ ಅವಧಿಯನ್ನು ವರದಿಯ ಅಡಿಯಲ್ಲಿ ನಮೂದಿಸಿ, ಮೂಲ ಕಡತವನ್ನು ಜೊತೆಗೇ ಕಾಯ್ದಿಡತಕ್ಕದ್ದು.